ಜಪಾನೆಲ್ಲಾ ಸುಖೋಯ್ ಅಂತಿದೆ ಅಂದ ಮಾಮ

ಜಪಾನಲ್ಲಿರೋ ಅಷ್ಟೂ ಜನ, ಹಾಲು ಕುಡಿಯೋ ಮಗುವಿಂದ ಹಿಡಿದು ಹಲ್ಲಿಲ್ಲದ ಅಜ್ಜಿವರೆಗೂ, ರಷ್ಯಾದ ಯುದ್ಧವಿಮಾನಕ್ಕೆ ಮನಸೋತಿದಾರೆ ಅಂತ ನಂಬಿರೋ ಮನುಷ್ಯ ಈ ಭೂಮಿ ಮೇಲೆ ಒಬ್ಬನೇ. ಅವನು ನಮ್ಮನೇಲೇ ಇದಾನೆ. ಅದೂ ನನ್ನ ರೂಮಲ್ಲಿ.

ನಮ್ಮಮ್ಮನ ತಮ್ಮ, ಅಂದ್ರೆ ನನ್ನ ಮಾಮ. ಬೆಂಗಳೂರಿನ ಕಂಪನಿಯೋರು ಟೋಕಿಯೋದ ಶಿನಾಗಾವಾ ಆಫೀಸಿಗೆ ಕಳಿಸಿದ್ರು. "ಮನೆ ಸಿಗೋವರ್ಗೂ ಎರಡು ವಾರ ಇರ್ತಾನೆ" ಅಂದ್ಲು ಅಮ್ಮ. ಆ ಎರಡು ವಾರಕ್ಕೆ ಈಗ ಗಡ್ಡ ಮೀಸೆ ಬಂದಿದೆ. ನಾವಿರೋ ನಿಶಿ ಕಸಾಯಿಲಿ ನಂಗಿದ್ದ ರೂಮು ಬೀರುಗಿಂತ ಒಂದು ಗೇಣು ದೊಡ್ಡದು. ಈಗ ಅದರ ಗೋಡೆ ತುಂಬಾ ಸುಖೋಯ್, ಸೀಲಿಂಗಲ್ಲಿ ಮಿಗ್. ನಾನು ಹೊರಗೆ ಹಾಲ್‌ನಲ್ಲಿ ಮಲಗ್ತೀನಿ, ಒಣಗಿ ಹಾಕಿರೋ ಅವನ ಸಾಕ್ಸ್ ಕೆಳಗೆ. ಸಿಟ್ಟು ಬರಬಾರದಾ ನಂಗೆ?

ಅದು ಚಿಲ್ಲರೆ ಸಿಟ್ಟು. ದೊಡ್ಡದು ಬೇರೆ ಇದೆ. ನಾನು ಇಲ್ಲೇ ಟೋಕಿಯೋದಲ್ಲಿ ಹೈಸ್ಕೂಲ್ ಓದಬೇಕಾ, ಇಲ್ಲಾ ಗಂಟುಮೂಟೆ ಕಟ್ಕೊಂಡು ಬೆಂಗಳೂರಿನ ಹಾಸ್ಟೆಲ್ ಸೇರಬೇಕಾ ಅನ್ನೋದು ಕೊನೆಗೆ ಈ ಪುಣ್ಯಾತ್ಮನ ಬಾಯಲ್ಲಿ ಸಿಕ್ಕಾಕ್ಕೊಂಡಿತು. ಹೆಂಗೆ ಅಂತ ಹೇಳ್ತೀನಿ, ತಡೀರಿ.

ಬಂದ ಮೊದಲನೇ ದಿನಾನೇ ಶುರುವಾಯ್ತು. ಟೋಜಾಯ್ ಲೈನ್ ಟ್ರೇನಲ್ಲಿ ಎದುರಿಗೆ ಇಬ್ಬರು ಹುಡುಗೀರು ಫೋನ್ ನೋಡ್ಕೊಂಡು "ಸುಗೋಯ್, ಸುಗೋಯ್" ಅಂತಿದ್ರು. 'ಅಬ್ಬಾ, ಸಖತ್ತಾಗಿದೆ' ಅಂತ ಅದರ ಅರ್ಥ. ಬೆಕ್ಕಿನ ಮರಿ ನೋಡಿದ್ರೂ ಸುಗೋಯ್, ಭೂಕಂಪ ಆದ್ರೂ ಸುಗೋಯ್. ಆದ್ರೆ ಮಾಮನ ಕಿವಿಗೆ ಗ ಕೇಳಿಸಬೇಕಲ್ಲ? ಸೋಡಾಬುಡ್ಡಿ ಕನ್ನಡಕ ಏರಿಸಿ, ಮೀಸೆ ಮುಂದಕ್ಕೆ ಹಾಕಿ, "ವಿಚ್ ಒನ್? ಸುಖೋಯ್ ಥರ್ಟಿ? ಥರ್ಟಿಫೈವ್?" ಅಂದ. ಆ ಹುಡುಗೀರು "ಸುಮಿಮಾಸೆನ್", ಅಂದ್ರೆ ಕ್ಷಮಿಸಿ, ಅಂತ ಬಗ್ಗಿ, ಮುಂದೆ ಬಂದ ಸ್ಟೇಷನಲ್ಲಿ ಇಳಿದು ಓಡಿದ್ರು. ಅವರ ಸ್ಟೇಷನ್ ಅದಾಗಿರಲಿಲ್ಲ ಅಂತ ಬರ್ಕೊಡ್ತೀನಿ.

"ಮಾಮ, ಅದು ಸುಖೋಯ್ ಅಲ್ಲ, ಸುಗೋಯ್. ಸೂಪರ್ ಅಂತ ಅರ್ಥ" ಅಂದೆ.

"ನಾನೂ ಅದನ್ನೇ ಅಲ್ವೇನೇ ಹೇಳ್ತಿರೋದು?" ಅಂದ.

ಇಂಥೋನಿಗೆ ಏನು ಹೇಳ್ತೀರಾ? ಆವತ್ತಿಂದ ಅವನು ಎಲ್ಲದಕ್ಕೂ ಸುಖೋಯ್ ಅಂತಾನೆ. ಬೀದಿಗೊಂದಿರೋ ಕೊಂಬಿನಿ ಅಂಗಡೀಲಿ ಊಟದ ಡಬ್ಬಿ ಬಿಸಿ ಮಾಡಿಕೊಟ್ರೆ ಸುಖೋಯ್, ಲಿಫ್ಟ್ ಬಂದ್ರೆ ಸುಖೋಯ್. ಆಫೀಸಲ್ಲಿ ಅವನ ಬಾಸು "ನಿಮ್ಮ ಜಪಾನೀಸ್ ಎಷ್ಟು ಸಹಜವಾಗಿದೆ" ಅಂತ ಹೊಗಳಿದನಂತೆ. ನಾನು ಒಂದನೇ ಕ್ಲಾಸಿಂದ ಇವರ ಕಾಂಜಿ ಅಕ್ಷರ ತಿದ್ದಿ ತಿದ್ದಿ ಬೆರಳು ಸೊಟ್ಟ ಮಾಡ್ಕೊಂಡಿದೀನಿ. ನನ್ನನ್ನ ಒಬ್ಬರಾದ್ರೂ ಹೊಗಳಿದಾರಾ?

ಮನೇಲಿ ಊಟಕ್ಕೆ ಕೂತರೆ ಯುದ್ಧ. ಇಂಡಿಯನ್ ಅಂಗಡಿಯಿಂದ ಅಮ್ಮ ತಂದ ನುಗ್ಗೆಕಾಯಿ ಕೈಗೆತ್ಕೊಂಡು, "ನೋಡಿ ಭಾವ, ಇದು ಆರ್ ಮೂವತ್ತೇಳು ಮಿಸೈಲ್. ಎದುರಿನ ಪೈಲಟ್ಟನ ಕಣ್ಣಿಗೆ ಏನೂ ಕಾಣೋದೇ ಇಲ್ಲ, ಅಷ್ಟು ದೂರದಿಂದ ಬರತ್ತೆ" ಅಂತ ಟೇಬಲ್ ಮೇಲೆ ಹಾರಿಸಿದ.

ಅಪ್ಪ ಮಾತು ಮುಗಿಸೋ ಆಸೆಗೆ, "ಹೂಂ, ನಾನೂರು ಕಿಲೋಮೀಟರ್ ಹೊಡಿಯತ್ತಂತಲ್ಲಪ್ಪಾ" ಅಂದ್ರು.

ತಪ್ಪಾಯ್ತು. ಮಾಮ ತಟ್ಟೆ ಪಕ್ಕಕ್ಕೆ ತಳ್ಳಿದ. "ಯಾರು ಹೇಳಿದ್ದು ನಿಮಗೆ? ಎದುರಿನ ಪ್ಲೇನು ನಮ್ಮ ಕಡೆಗೇ ಬರ್ತಿದ್ರೆ ಒಂದು ಲೆಕ್ಕ, ತಿರುಗಿಸಿಕೊಂಡು ಓಡ್ತಿದ್ರೆ ಅದರರ್ಧಾನೂ ಇಲ್ಲ. ಎತ್ತರದಲ್ಲಿ ಒಂದು, ಕೆಳಗೆ ಇನ್ನೊಂದು. ಸುಮ್ನೆ ನಾನೂರು ಅನ್ನೋದು ಸುಳ್ಳು ಭಾವ. ಸುಳ್ಳು ಹೇಳಬಾರದು."

"ಅದು ಜನರ ತಲೆ ಮೇಲೆ ಬೀಳೋ ವಸ್ತು ಕಣೋ, ಕ್ರಿಕೆಟ್ ಸ್ಕೋರ್ ಥರ ಹೇಳ್ತೀಯಲ್ಲ" ಅಂದ್ಲು ಅಮ್ಮ. "ಮೊದಲು ನನ್ನ ಹುಳಿಗಿಟ್ಟ ನುಗ್ಗೆಕಾಯಿ ಕೆಳಗಿಡು."

ಇಟ್ಟ. ಆದ್ರೆ ಆವತ್ತು ಊಟ ಮಾಡಲಿಲ್ಲ. ಒಂದು ಕಿಲೋಮೀಟರ್ ಹೆಚ್ಚು ಹೇಳಿದ್ರೂ ಇವನಿಗೆ ಅನ್ನ ಸೇರಲ್ಲ. ಮನೇಲಿ ಇಂಥ ಸತ್ಯಹರಿಶ್ಚಂದ್ರ ಇದ್ರೆ, ನನ್ನಂಥ ಕಲಾವಿದೆ ಗತಿ ಏನು ಹೇಳಿ? ನಾನು ಸುಳ್ಳು ಹೇಳಲ್ಲ, ಇದ್ದಿದ್ದನ್ನ ಸ್ವಲ್ಪ ಎಳೀತೀನಿ ಅಷ್ಟೇ.

ಹಂಗೇ ಸ್ಕೂಲಲ್ಲಿ ಒಂದ್ಸಲ ಎಳೆದಿದ್ದೆ. ಮನೆಯೋರ ಬಗ್ಗೆ ಮಾತಾಡಿ ಅಂದಿದ್ರು. ಮಾಮನ ಸುಖೋಯ್ ಹುಚ್ಚಿನ ಬಗ್ಗೆ ಹೇಳೋಣ ಅಂತ ಎದ್ದು ನಿಂತು "ಮಾಮ, ಸುಖೋಯ್" ಅಂತ ಶುರು ಮಾಡಿದ್ನೋ ಇಲ್ವೋ, ಇಡೀ ಕ್ಲಾಸು ಬಿದ್ದು ಬಿದ್ದು ನಗ್ತು. ಜಪಾನೀಸಲ್ಲಿ ಮಾಮ ಅಂದ್ರೆ ಮಮ್ಮಿ. ಕತ್ತೆ ವಯಸ್ಸಾದೋಳು 'ನಮ್ಮ ಮಮ್ಮಿ ಸೂಪರ್' ಅಂತಿದಾಳೆ ಅನ್ಕೊಂಡ್ರು. ಮರ್ಯಾದೆ ಪ್ರಶ್ನೆ ಅಲ್ವಾ? "ಮಮ್ಮಿ ಅಲ್ಲ, ಮಮ್ಮಿಯ ತಮ್ಮ. ಸುಖೋಯ್ ಅನ್ನೋ ಯುದ್ಧವಿಮಾನದ ಪೈಲಟ್" ಅಂದ್ಬಿಟ್ಟೆ. ನಗು ನಿಂತುಹೋಯ್ತು. ಎಲ್ಲರೂ ಬಾಯಿ ಬಿಟ್ಕೊಂಡು ನೋಡ್ತಿರೋವಾಗ ಬರೀ ಪೈಲಟ್ ಅಂದ್ರೆ ಚೆನ್ನಾಗಿರಲ್ಲ ಅಂತ ಎರಡು ಮೆಡಲ್ಲೂ ಕೊಟ್ಟೆ.

ಈಗ ಬಂತು ನೋಡಿ ಗ್ರಹಚಾರ. ನಂಗೆ ಬೇಕಾದ ಹೈಸ್ಕೂಲಿಗೆ ಬರೀ ಮಾರ್ಕ್ಸ್ ಸಾಲಲ್ಲ, 'ಈ ಹುಡುಗಿ ಮಾತು ನಂಬಬಹುದು' ಅಂತ ಕ್ಲಾಸ್ ಟೀಚರ್ ರೆಕಮೆಂಡೇಷನ್ ಕೊಡಬೇಕು. ಕೊಡದಿದ್ರೆ ಹಾಸ್ಟೆಲ್ಲು ಅಂತ ಅಪ್ಪ ಮೊದಲೇ ಹೇಳಿಯಾಗಿತ್ತು. ಅದಕ್ಕೊಂದು ಮೀಟಿಂಗು: ಸೆನ್ಸೇ ಅಂದ್ರೆ ಆ ಟೀಚರ್ರು, ನಾನು, ಮನೆಯೋರೊಬ್ಬರು. ಅಪ್ಪ ಆಫೀಸ್ ಕೆಲಸಕ್ಕೆ ನಾಗೋಯಾಗೆ ಹೋಗಿದ್ರು, ಅಮ್ಮ ಫ್ಲೂ ಬಂದು ಮಲಗಿದ್ಲು. ಉಳಿದಿದ್ದು ಯಾರು? ಕರ್ಮ.

"ಹೌದು ಅನ್ನೋಕೆ ಹಾಯ್ ಅನ್ನು, ಥ್ಯಾಂಕ್ಸ್ ಅನ್ನೋಕೆ ಅರಿಗಾತೋ ಅನ್ನು. ಬೇರೆ ಒಂದಕ್ಷರ ಆಡಿದ್ರೆ ನಿನ್ನ ಪೋಸ್ಟರೆಲ್ಲಾ ಹರಿದು ಹಾಕ್ತೀನಿ" ಅಂದೆ ದಾರೀಲಿ.

"ಪ್ಲೇನ್ ಬಗ್ಗೆ ಕೇಳಿದ್ರೆ?"

"ಯಾರು ಕೇಳ್ತಾರೆ ಮಾಮ ನಿನ್ನ ದರಿದ್ರ ಪ್ಲೇನ್ ಬಗ್ಗೆ?"

ಸೆನ್ಸೇ ಕೇಳಿದ್ದೇ ಅದನ್ನ. ಮೊದಲನೇ ಪ್ರಶ್ನೇನೇ ಅದು. "ಯುದ್ಧವಿಮಾನದ ಪೈಲಟ್ ಇವರೇನಾ? ಆ ಮಾತು ನಿಜಾನಾ? ಅವರನ್ನೇ ಕೇಳಿ ಹೇಳಮ್ಮ" ಅಂದ್ರು, ಬೆಣ್ಣೆ ಥರ. ಈ ದೇಶದಲ್ಲಿ ದನಿ ಮೆತ್ತಗಾದಷ್ಟೂ ಹೆದರಬೇಕು.

ನಾನು ಹಲ್ಲು ಕಚ್ಕೊಂಡು, ನಗ್ತಾ ನಗ್ತಾ ಕನ್ನಡದಲ್ಲಿ ಹೇಳಿದೆ: "ನೀನು ಸುಖೋಯ್ ಪೈಲಟ್ ಅಂತ ಹೇಳಿದೀನಿ. ಸುಮ್ನೆ ಹಾಯ್ ಅನ್ನು."

"ನಾನಾ? ಅದು ಸುಳ್ಳಲ್ವೇನೇ ಮರಿ?"

"ಹಾಯ್ ಅನ್ನು ಮಾಮ. ಇಲ್ಲಾಂದ್ರೆ ನಂಗೆ ಹಾಸ್ಟೆಲ್ಲೇ ಗತಿ."

ಮುಗೀತು ಅನ್ಕೊಂಡೆ. ಒಂದು ಕಿಲೋಮೀಟರಿಗೆ ಊಟ ಬಿಟ್ಟೋನು ಒಂದಿಡೀ ಪ್ಲೇನನ್ನ ನುಂಗ್ತಾನಾ? ಅವನು ಸೆನ್ಸೇ ಕಡೆ ತಿರುಗಿ, "ನೋ ಪೈಲಟ್" ಅಂದ.

ಅಲ್ಲೇ ಅವನ ಮೀಸೆ ಕಿತ್ತು ಕೈಗೆ ಕೊಡೋಣ ಅನ್ನಿಸ್ತು.

"ಈಗ ಹೇಳು ಅವರಿಗೆ" ಅಂದ ನನಗೆ, ತಣ್ಣಗೆ. "ನೀನು ಚಿಕ್ಕೋಳಿದ್ದಾಗ, ನಾನು ಪೈಲಟ್ ಅಂತ ನಾನೇ ನಿನಗೆ ಸುಳ್ಳು ಹೇಳಿದ್ದೆ. ನೀನು ನಂಬಿದ್ದೆ, ಅದನ್ನೇ ಇಲ್ಲಿ ಹೇಳಿದೀಯ. ನಿಂದೇನೂ ತಪ್ಪಿಲ್ಲ. ಹಂಗೇ ಹೇಳು."

ಅವನು ಯಾವತ್ತೂ ಹಂಗೆ ಹೇಳಿಲ್ಲ. ಒಂದೇ ಒಂದು ಸಲಾನೂ ಹೇಳಿಲ್ಲ. ಆದ್ರೆ ಅದನ್ನ ಜಪಾನೀಸಲ್ಲಿ ಹೇಳಬೇಕಾದೋಳು ನಾನೇ. ಹೇಳಿದೆ. ಏನೂ ಎಳೀಲಿಲ್ಲ.

ಸೆನ್ಸೇ ನನ್ನ ಮುಖ ನೋಡಿದ್ರು, ಅವನ ಮುಖ ನೋಡಿದ್ರು. "ಹಾಗಿದ್ರೆ ಅವರು ಕ್ಷಮೆ ಕೇಳಬೇಕಾಗಿರೋದು ನನ್ನ ಹತ್ರ ಅಲ್ಲ, ನಿನ್ನ ಹತ್ರ" ಅಂದ್ರು. ಅದನ್ನೂ ಹೇಳಿದೆ ಮಾಮಂಗೆ.

ಎದ್ದ. ಕೋಟು ಸರಿ ಮಾಡ್ಕೊಂಡ. ನನ್ನ ಕಡೆ ತಿರುಗಿ, ಎರಡೂ ಕೈ ತೊಡೆಗೆ ಅಂಟಿಸ್ಕೊಂಡು, ಇಲ್ಲಿಯೋರು ಬಗ್ಗೋ ಥರಾನೇ ಸೊಂಟದವರೆಗೂ ಬಗ್ಗಿದ. ನಂಗೆ. ನನ್ನಂಥೋಳಿಗೆ. ಕನ್ನಡಕ ಜಾರಿ ನೆಲಕ್ಕೆ ಬಿತ್ತು.

ಬಗ್ಗಿದೋನು ಹಂಗೇ ಮಂಡಿ ಊರಿ ತಡಕಾಡೋಕೆ ಶುರು ಮಾಡಿದ. ಕನ್ನಡಕ ಅವನ ಬೆರಳಿಂದ ಒಂದು ಗೇಣು ಆಚೆ ಇತ್ತು, ಅವನಿಗೆ ಕಾಣಿಸ್ತಿಲ್ಲ. ಕಾಲೇಜು ಮುಗಿಸಿ ಏರ್‌ಫೋರ್ಸಿಗೆ ಹೋದಾಗ ಕಣ್ಣು ನೋಡಿ ವಾಪಸ್ ಕಳಿಸಿದ್ರಂತೆ. ಅಮ್ಮ ಯಾವಾಗ್ಲೋ ಹೇಳಿದ್ಲು, ನಾನು ಕಿವಿಗೇ ಹಾಕ್ಕೊಂಡಿರಲಿಲ್ಲ.

ಮೇಲಿಂದ ಸೆನ್ಸೇ "ರೆಕಮೆಂಡೇಷನ್ ಕೊಡ್ತೀನಿ" ಅಂತಿದ್ರು. ಅದಕ್ಕೇ ಅಲ್ವಾ ನಾನು ಬಂದಿದ್ದು, ಆದ್ರೆ ಅರಿಗಾತೋ ಅನ್ನೋಕೂ ಮರೆತೆ. ನೆಲದ ಮೇಲೆ ಕೂತು ಕನ್ನಡಕ ಎತ್ಕೊಂಡು, ಯೂನಿಫಾರ್ಮಿನ ತುದೀಲಿ ಒರೆಸಿ, ಅವನ ಮೂಗಿನ ಮೇಲೆ ಕೂರಿಸಿದೆ. ಕಿವಿ ಹಿಂದೆ ಒಂದೊಂದೇ ಕಡ್ಡಿ ಸಿಗಿಸಿದೆ.

"ಕಾಣ್ತಿದೆಯಾ?" ಅಂದೆ.

"ಹೂಂ" ಅಂದ. "ಅಳಬೇಡ ಕಣೇ ಮರಿ."