ಕಂಬಕ್ಕೆ ಕಟ್ಟಿದ ಫ್ಲಾಷು

ಯಾವುದೇ ವಿದ್ಯೆಯಾಗಲಿ, ಅರ್ಧ ಬಂದಾಗ ಇರುವಷ್ಟು ಧೈರ್ಯ ಪೂರ್ತಿ ಬಂದಮೇಲೆ ಇರುವುದಿಲ್ಲ ಎಂದು ನನ್ನ ನಂಬಿಕೆ. ನನಗೆ ಪೂರ್ತಿ ಬಂದ ವಿದ್ಯೆ ಒಂದೂ ಇಲ್ಲವಾದ್ದರಿಂದ ಈ ಮಾತಿನ ಎರಡನೇ ಭಾಗ ಬರೀ ಊಹೆ. ಮೊದಲನೇ ಭಾಗಕ್ಕೆ ಮಾತ್ರ ನಾನೇ ಸಾಕ್ಷಿ. ಹೊಸೂರಿನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದ ನಾನು ಎಂಬತ್ತರ ದಶಕದ ಶುರುವಿನಲ್ಲಿ ಕ್ಯಾಮೆರಾ ಹಿಡಿದೆ. ಹಿಡಿದವನು ಸುಮ್ಮನೆ ಎಲ್ಲರಂತೆ ಗುಂಡಿ ಒತ್ತಿಕೊಂಡು ಇರಬಹುದಿತ್ತು. ಯಾವುದೋ ಹಳೆಯ ಪತ್ರಿಕೆಯಲ್ಲಿ, ಫ್ಲಾಷನ್ನು ಕ್ಯಾಮೆರಾದ ತಲೆಯ ಮೇಲೆ ಕೂರಿಸಿ ಹೊಡೆದರೆ ಮುಖ ಚಪ್ಪಟೆಯಾಗುತ್ತದೆ, ಬೆಳಕು ಪಕ್ಕದಿಂದ ಬರಬೇಕು ಎಂದು ಓದಿಬಿಟ್ಟೆ. ಅಲ್ಲಿಂದ ಶುರುವಾಯಿತು. ಕಾರ್ಖಾನೆಯ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಎದುರಿಗೆ ಕೂತವರು ಹೇಳುವ ಕಷ್ಟಸುಖ ಬಿಟ್ಟು ಅವರ ಕೆನ್ನೆಯ ಏರಿಳಿತ ನೋಡತೊಡಗಿದೆ. ನಮ್ಮ ಮ್ಯಾನೇಜರಿಗೇ ಒಮ್ಮೆ, ನಿಮ್ಮ ಮೂಗಿಗೆ ಎಡಗಡೆಯ ಬೆಳಕು ಒಪ್ಪುತ್ತದೆ ಸಾರ್ ಎಂದು ಹೇಳಿದ್ದೆ. ಆಮೇಲೆ ಅವರು ಒಂದು ವಾರ ನನ್ನೆದುರು ಮುಖ ಪಕ್ಕಕ್ಕೆ ತಿರುಗಿಸಲೇ ಇಲ್ಲ.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಸ್ನೇಹಿತರೊಬ್ಬರು ನನ್ನ ಕಾಟ ತಾಳಲಾರದೆ ಬೆಂಗಳೂರಿನಿಂದ ಎರಡು ವಸ್ತು ತಂದುಕೊಟ್ಟರು. ಒಂದು, ಅಂಗೈಯಲ್ಲಿ ಹಿಡಿಸುವ ಚಿಕ್ಕ ಫ್ಲಾಷು. ಇನ್ನೊಂದು, ಅದರ ಬುಡಕ್ಕೆ ಸಿಕ್ಕಿಸುವ, ಬೆಂಕಿಪೊಟ್ಟಣಕ್ಕಿಂತ ಸಣ್ಣದಾದ ಒಂದು ಗಾಜಿನ ಕಣ್ಣು. ಅದಕ್ಕೆ ಸ್ಲೇವ್ ಎಂದು ಹೆಸರು. ವೈರಿಲ್ಲ, ಗುಂಡಿಯಿಲ್ಲ. ಫ್ಲಾಷನ್ನು ದೂರದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಬರಬಹುದು; ನನ್ನ ಕ್ಯಾಮೆರಾದ ಮೇಲಿನ ಫ್ಲಾಷು ಮಿಂಚಿದ ಕೂಡಲೇ ಈ ಕಣ್ಣು ಅದನ್ನು ಕಂಡು, ಆ ದೂರದ ಫ್ಲಾಷನ್ನೂ ಅದೇ ಕ್ಷಣದಲ್ಲಿ ಮಿಂಚಿಸುತ್ತದೆ. ನನ್ನ ಮಾತನ್ನು ಮರುಮಾತಿಲ್ಲದೆ ಕೇಳುವ ಒಂದು ಜೀವ ಈ ಜಗತ್ತಿನಲ್ಲಿ ಕೊನೆಗೂ ಸಿಕ್ಕಿತೆಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಅದು ಇನ್ನು ಯಾರ ಯಾರ ಮಾತು ಕೇಳುತ್ತದೆ ಎಂದು ವಿಚಾರಿಸುವುದೇ ಮರೆತುಹೋಯಿತು.

ಈ ಸಾಹಸಕ್ಕೆಲ್ಲ ಒಂದು ಗುರಿ ಇತ್ತು. ನಮ್ಮಮ್ಮನ ನಗು. ಅವಳ ಹೆಸರು ಶಾರದಮ್ಮ, ತಳಿ ಎಂಬ ಊರಿನ ಕಡೆಯವಳು. ಹುಡುಗಿಯಾಗಿದ್ದಾಗ, ರಾಗಿ ಬೀಸುವ ಹೊತ್ತಿನಲ್ಲಿ, ಬೀಸುಕಲ್ಲಿನ ಗೂಟ ಕಿತ್ತುಬಂದು ಬಾಯಿಗೆ ಬಡಿದು ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು. ಅಂದಿನಿಂದ ಅವಳಿಗೆ ನಗು ಬಂದರೆ, ನಗುವಿಗಿಂತ ಮೊದಲು ಸೆರಗು ಬಾಯಿಗೆ ಬರುತ್ತಿತ್ತು. ಫೋಟೋ ಎಂದರಂತೂ ತುಟಿ ಬಿಗಿದು ಕೂರುತ್ತಿದ್ದಳು. ಮಕ್ಕಳಾದ ನಾವೂ ಅವಳ ನಗುವನ್ನು ಕಂಡದ್ದು ತುಂಡುತುಂಡಾಗಿ, ಒಲೆಯ ಕಡೆ ತಿರುಗಿಕೊಂಡಿರುವಾಗ, ಪಕ್ಕದಿಂದ. ತಂಗಿ ವನಜಳ ಮದುವೆ ಗೊತ್ತಾದಾಗ ನನಗೊಂದು ಯೋಚನೆ ಹೊಳೆಯಿತು. ಧಾರೆ ಎರೆಯುವಾಗ ಹೆಣ್ಣಿನ ತಾಯಿ ಎರಡೂ ಕೈಯಲ್ಲಿ ಕಳಶ ಹಿಡಿದು ಜೋಡಿಸಿದ ಕೈಗಳ ಮೇಲೆ ನೀರು ಬಿಡಬೇಕು. ಪುರೋಹಿತರ ಮಂತ್ರ ಮುಗಿಯುವವರೆಗೆ ಆ ಧಾರೆ ಕಡಿಯಬಾರದು. ಅಂದರೆ ಅಷ್ಟು ಹೊತ್ತು ಅಮ್ಮನ ಕೈ ಸೆರಗಿಗೆ ಹೋಗುವ ಹಾಗಿಲ್ಲ. ಅವಳ ಇಡೀ ಆಯುಸ್ಸಿನಲ್ಲಿ ನಕ್ಕರೆ ನಗು ಮುಚ್ಚಲಾಗದ ಗಳಿಗೆ ಅದೊಂದೇ. ಮದುವೆಗೆ ಹೆಣ್ಣಿನ ಅಣ್ಣನಾದವನು ಏನೇನೋ ಯೋಚಿಸಬೇಕು. ನಾನು ಇದನ್ನು ಯೋಚಿಸಿದೆ.

ಅಮ್ಮನಿಗೆ ಹೇಳಿಯೇಬಿಟ್ಟೆ. ಅವಳು ಮೊದಲು ಬೈದಳು. ಮಗಳನ್ನು ಕೊಡುವ ಹೊತ್ತಿನಲ್ಲಿ ಯಾರಾದರೂ ನಗುತ್ತಾರಾ ಎಂದಳು. ಆಮೇಲೆ ರಾಗಿ ಕೇರುತ್ತ, “ಆಗ್ಲಿ ಬುಡ್ಲಾ. ಅವತ್ತೊಂದಿನ ನಗು ಬಂದ್ರೆ ತಕ್ಕೊ. ಆಮೇಲೆ ಕೇಳ್ಬ್ಯಾಡ,” ಅಂದಳು.

ಒಂದು ತಿಂಗಳು ಅಭ್ಯಾಸ ಮಾಡಿದೆ. ಅಮ್ಮ ಕೂರಲು ಒಪ್ಪದ್ದರಿಂದ, ತಳಿಯಿಂದ ಮಾವ ಕಳಿಸಿದ್ದ ಎಲೆಕೋಸೊಂದನ್ನು ಸ್ಟೂಲಿನ ಮೇಲೆ ಕೂರಿಸಿ, ಪಕ್ಕದ ಕಿಟಕಿಯ ಸರಳಿಗೆ ಫ್ಲಾಷು ಕಟ್ಟಿ, ಆರಡಿ ದೂರದಿಂದ ಫೋಟೋ ತೆಗೆದೆ. ಕ್ಯಾಮೆರಾದ ಮೇಲಿನ ಫ್ಲಾಷು ಬರೀ ಸನ್ನೆ ಮಾಡಲಿ, ಮುಖಕ್ಕೆ ಬಡಿಯದಿರಲಿ ಎಂದು ಅದಕ್ಕೆ ಕರ್ಚೀಫು ಮಡಿಸಿ ಕಟ್ಟಿದೆ. ಕೋಸಿನ ಒಂದೊಂದು ನರವೂ ಎದ್ದು ಬಂತು. ನಮ್ಮ ತಾಲೂಕಿನಲ್ಲಿ ಅಷ್ಟು ಘನವಾದ ಭಾವಚಿತ್ರ ಇನ್ನಾವ ಕೋಸಿಗೂ ಸಿಕ್ಕಿರಲಾರದು. ಚಿತ್ರ ಮುಗಿದ ಮೇಲೆ ಅಮ್ಮ ಅದನ್ನು ಪಲ್ಯ ಮಾಡಿದಳು. ಫ್ಲಾಷು ಒಂದು ಸಲ ಮಿಂಚಿದರೆ ಮತ್ತೆ ತಯಾರಾಗಲು ಹದಿನೈದು ಸೆಕೆಂಡು ಬೇಕು, ತಯಾರಾದಾಗ ಅದರ ಪಕ್ಕೆಯಲ್ಲಿ ಕಿತ್ತಳೆ ಬಣ್ಣದ ಒಂದು ಸಣ್ಣ ದೀಪ ಹೊತ್ತಿಕೊಳ್ಳುತ್ತದೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡೆ. ಒಂದು ಸಲವೂ ಸೋಲಲಿಲ್ಲ. ಏಕೆಂದರೆ ನಮ್ಮ ಮನೆಯಲ್ಲಿ ಫ್ಲಾಷು ಇದ್ದವನು ನಾನೊಬ್ಬನೇ.

ಮದುವೆ ನಮ್ಮೂರ ಛತ್ರದಲ್ಲಿ. ಬೆಳಗಿನ ಮುಹೂರ್ತವಾದರೂ ಒಳಗೆ ಮಬ್ಬುಗತ್ತಲೆ. ನನ್ನಂಥವನಿಗೆ ಹೇಳಿ ಮಾಡಿಸಿದ ಜಾಗ. ಗಂಡಿನವರು ಬೇರಿಕೆಯಿಂದ ಮುನಿರಾಜು ಎಂಬ ಸ್ಟುಡಿಯೋದವರನ್ನು ಕರೆತಂದಿದ್ದರು. ನನಗಿಂತ ಹಿರಿಯರು, ಮೂರು ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡುವವರು. ಅವರ ಫ್ಲಾಷು ಕ್ಯಾಮೆರಾದ ತಲೆಯ ಮೇಲೆಯೇ ಇತ್ತು. ಪಾಪ ಎಂದುಕೊಂಡೆ. ಅಮ್ಮ ನಿಲ್ಲುವ ಜಾಗದ ಪಕ್ಕದ ಕಂಬಕ್ಕೆ, ಬಾಳೆಯ ಎಲೆಯ ಮರೆಯಲ್ಲಿ, ಅವಳ ಕೆನ್ನೆಗೆ ಗುರಿಯಿಟ್ಟು ನನ್ನ ಫ್ಲಾಷು ಕಟ್ಟಿದೆ. ಗೌರಿಪೂಜೆ ಮುಗಿಯುವಷ್ಟರಲ್ಲಿ ಅದು ನಾನು ಕೇಳದೆಯೇ ನಾಲ್ಕೈದು ಸಲ ಮಿಂಚಿತು. ಹೊಸದು, ಉತ್ಸಾಹ ಜಾಸ್ತಿ ಎಂದು ಸಮಾಧಾನ ಮಾಡಿಕೊಂಡೆ. ಮುನಿರಾಜು ಹತ್ತಿರ ಬಂದು ಮೆಲ್ಲಗೆ ಹೇಳಿದರು.

“ಸಾರ್, ನಾನು ಹೊಡ್ದಾಗೆಲ್ಲ ನಿಮ್ದೂ ಹೊಡೀತೈತೆ. ನಂಗೆ ಕಣ್ಣಿಗೇ ಬೀಳ್ತೈತೆ. ಧಾರೆ ಟೈಮಲ್ಲಿ ಕೊಂಜಂ ಆಫ್ ಮಾಡ್ಬುಡಿ. ಅಮ್ಮೋರ್ದು ನಾನು ಚೆನ್ನಾಗಿ ತೆಗ್ದುಕೊಡ್ತೀನಿ.”

ಅವರು ಹೇಳಿದ್ದು ಸತ್ಯ; ಸ್ಲೇವಿಗೆ ಯಾರ ಫ್ಲಾಷಾದರೂ ಒಂದೇ. ಇದು ನನಗೆ ಆ ಕ್ಷಣದಲ್ಲೇ ಅರ್ಥವಾಯಿತು. ಅರ್ಥವಾದರೂ, ಫ್ಲಾಷನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುವ ಮನುಷ್ಯ ನನಗೆ ಬುದ್ಧಿ ಹೇಳುವುದೇ ಎಂಬ ಜಂಭ ಬಿಡಲಿಲ್ಲ. ಧಾರೆಯ ಹೊತ್ತಿನಲ್ಲಿ ನೀವೇ ಒಂದು ನಿಮಿಷ ಹೊಡೆಯದೆ ಇರಿ ಎಂದೆ. ಅವರಿಗೆ ಅದು ಹೊಟ್ಟೆಪಾಡು, ಧಾರೆಯನ್ನು ಬಿಡುವ ಹಾಗಿರಲಿಲ್ಲ. ಅವರು ಕ್ಯಾಮೆರಾ ಎತ್ತಿಕೊಂಡು ಮಂಟಪದ ಆಚೆ ಬದಿಗೆ ಹೋದರು. ಒಂದು ಸ್ವಿಚ್ಚು ಕೆಳಗೆ ತಳ್ಳುವಷ್ಟು ಕೆಲಸ. ಅದನ್ನು ನಾನು ಮಾಡಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಬೇಸರವಾಗುತ್ತದೆ.

ವಾದ್ಯ ಜೋರಾಯಿತು. ಅಪ್ಪ ವನಜಳ ಕೈಯನ್ನು ಹುಡುಗನ ಕೈಯಲ್ಲಿಟ್ಟರು, ಅಮ್ಮ ಕಳಶ ಬಗ್ಗಿಸಿದಳು. ನಾನು ಕ್ಯಾಮೆರಾ ಎತ್ತುವ ಹೊತ್ತಿಗೆ ಮುನಿರಾಜು ಆಚೆ ಬದಿಯಿಂದ ಒಂದು ಹೊಡೆದರು, ನನ್ನ ಫ್ಲಾಷೂ ಖಾಲಿಯಾಯಿತು. ಹದಿನೈದು ಸೆಕೆಂಡು. ನಾನು ಕ್ಯಾಮೆರಾ ಇಳಿಸಿ ಕಂಬದ ಕಡೆ ನೋಡುತ್ತ ನಿಂತೆ. ಕಿತ್ತಳೆ ದೀಪ ಹೊತ್ತಿಕೊಳ್ಳುವ ಹಾಗೆ ಕಂಡಿತು. ಅಷ್ಟರಲ್ಲಿ ಅವರು ಇನ್ನೊಂದು ಹೊಡೆದರು, ಅದೂ ಹೋಯಿತು. ಮತ್ತೆ ಹದಿನೈದು. ಯಾರೋ ಹೆಂಗಸರು “ನೋಡೇ, ಶಾರದಮ್ಮ ನಗ್ತಾವ್ಳೆ” ಎಂದದ್ದು ಕಿವಿಗೆ ಬಿತ್ತು. ದೀಪಕ್ಕೂ ಕಾಯದೆ ಗಡಬಡಿಸಿ ಕ್ಯಾಮೆರಾ ಎತ್ತಿ ಗುಂಡಿ ಒತ್ತಿದೆ. ಕರ್ಚೀಫಿನೊಳಗೆ ಒಂದು ಸನ್ನೆ ಮಿಣುಕಿತು, ಕಂಬದ ಮೇಲಿನದು ಅಲುಗಲಿಲ್ಲ. ಮಂತ್ರ ಮುಗಿದಿತ್ತು. ಅಮ್ಮನ ಕೈಯಲ್ಲಿ ಕಳಶವಿರಲಿಲ್ಲ, ಸೆರಗಿತ್ತು.

ಚಿತ್ರಗಳು ಬಂದವು. ನನ್ನದರಲ್ಲಿ ಕತ್ತಲು, ಅದರೊಳಗೆ ಹುಡುಕಿದರೆ ಪುರೋಹಿತರ ಬೆಳ್ಳಿ ಲೋಟ. ಮುನಿರಾಜು ತೆಗೆದ ಎರಡೂ ಧಾರೆಯ ಚಿತ್ರಗಳಲ್ಲಿ ಅಪ್ಪ, ವನಜ, ಹುಡುಗ, ನೀರಿನ ಎಳೆ ಎಲ್ಲ ಚೊಕ್ಕವಾಗಿ ಬಂದಿದ್ದವು. ಅವರು ನಿಂತ ಕಡೆಯಿಂದ ನನ್ನ ಫ್ಲಾಷು ಅಮ್ಮನ ಕಿವಿಯ ಪಕ್ಕದಲ್ಲಿ ನೇರ ಅವರ ಲೆನ್ಸಿಗೇ ಬಾಯಿ ತೆರೆದಿತ್ತು. ಹಾಗಾಗಿ ಅಮ್ಮನ ಮುಖ ಇರಬೇಕಾದ ಕಡೆ ತಟ್ಟೆಯಗಲದ ಬಿಳಿ ಬೆಳಕು. ನನ್ನ ಚಿತ್ರವನ್ನು ಕೆಡಿಸಿಕೊಂಡದ್ದಲ್ಲದೆ, ಸಿಗಬಹುದಾಗಿದ್ದ ಇನ್ನೊಬ್ಬರ ಚಿತ್ರವನ್ನೂ ಕೆಡಿಸಿದ್ದೆ. ವನಜಳ ಅತ್ತೆ ಮಾತ್ರ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿ, ಧಾರೆಯ ಹೊತ್ತಿಗೆ ಸಾಕ್ಷಾತ್ ದೇವಿಯೇ ಇಳಿದು ಬಂದಿದ್ದಳು ಎಂದು ಕೈಮುಗಿಯುತ್ತಿದ್ದರು. ಎರಡು ಸಲ ನನ್ನೆದುರಿಗೇ ಮುಗಿದರು. ಅದು ನಾಲ್ಕು ಪೆನ್ಸಿಲ್ ಸೆಲ್ಲಿನ ಮಹಿಮೆ ಎಂದು ಹೇಳುವ ಧೈರ್ಯವಾಗದೆ ನಾನೂ ಮುಗಿದೆ.

ಅಮ್ಮ ಬೈಯಲಿಲ್ಲ. ಅದೇ ಕಷ್ಟವಾಯಿತು. ನಾಲ್ಕು ವರ್ಷದ ಮೇಲೆ ವಸಡು ಕೆಟ್ಟು, ಕೃಷ್ಣಗಿರಿಯ ವೈದ್ಯರು ಅವಳ ಹಲ್ಲುಗಳನ್ನೆಲ್ಲ ಕಿತ್ತು ಸೆಟ್ಟು ಕಟ್ಟಿದರು. ಸಾಲಾಗಿ ಬೆಳ್ಳಗೆ, ಒಂದೂ ಊನವಿಲ್ಲದ ಹಲ್ಲು. ಈಗ ಅವಳಿಗೆ ಸೆರಗಿನ ಕೆಲಸವಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಧಾರಾಳವಾಗಿ ನಗುತ್ತಾಳೆ. ಪಕ್ಕದ ಬೆಳಕಿನಲ್ಲಿ, ಎದುರಿನ ಬೆಳಕಿನಲ್ಲಿ, ಎಷ್ಟೋ ತೆಗೆದಿದ್ದೇನೆ. ಎಲ್ಲವೂ ಚೆನ್ನಾಗಿವೆ. ಆದರೆ ಆ ಅರ್ಧ ಹಲ್ಲಿನ ನಗು ಹೋಯಿತು. ಅದು ನನಗೆ ಬೇಕಿತ್ತು. ಹೋದ ವರ್ಷ ತಡೆಯಲಾರದೆ, ಅವತ್ತು ಧಾರೆಯಲ್ಲಿ ಯಾಕೆ ನಕ್ಕೆಯಮ್ಮ ಎಂದು ಕೇಳಿದೆ.

“ಇನ್ಯಾಕ್ಲಾ? ಎಲ್ರೂ ವನಜನ್ನ ನೋಡ್ತಾವ್ರೆ, ನೀನೊಬ್ನೇ ಕಂಬ ನೋಡ್ಕೊಂಡು ಬಾಯ್ ಬುಟ್ಕೊಂಡು ನಿಂತಿದ್ದೆ. ಅಳು ಬರ್ತಿತ್ತು ನಂಗೆ, ನಿನ್ ನೋಡಿ ನಗು ಬಂದ್ಬುಡ್ತು.”

ಅದಾದ ಮೇಲೆ ನನಗೊಂದು ಚಾಳಿ ಹತ್ತಿದೆ: ಆ ನಗು ಹೇಗಿತ್ತು ಎಂದು ಕಂಡಕಂಡವರನ್ನು ಕೇಳುವುದು. ವನಜ ತನ್ನ ಕಣ್ಣಲ್ಲಿ ನೀರಿತ್ತು, ಆದರೂ ಕಂಡಿತು ಅನ್ನುತ್ತಾಳೆ. ಅಪ್ಪ ಚೆನ್ನಾಗಿತ್ತು ಎಂದಷ್ಟೇ ಹೇಳಿ ಪೇಪರು ಅಡ್ಡ ಹಿಡಿಯುತ್ತಾರೆ. ಹೋದ ತಿಂಗಳು ಬೇರಿಕೆಯ ಸಂತೆಯಲ್ಲಿ ಮುನಿರಾಜು ಸಿಕ್ಕಿದಾಗ, ತಪ್ಪಾಯಿತು ಎಂದು ಮೊದಲು ಹೇಳಿ, ಆಮೇಲೆ ಅವರನ್ನೂ ಕೇಳಿದೆ. ಅವರಿಗೆ ಎಲ್ಲ ನೆನಪಿತ್ತು. ಸಣ್ಣ ಹುಡುಗಿ ನಕ್ಕ ಹಾಗಿತ್ತು, ಆ ಹಲ್ಲಿನಿಂದಲೇ ಅದಕ್ಕೊಂದು ಲಕ್ಷಣ ಬಂದಿತ್ತು ಎಂದರು. ಆಮೇಲೆ ಅನುಮಾನದಿಂದ ನನ್ನನ್ನೇ ನೋಡಿ, “ಯಾಕ್ ಸಾರ್, ನೀವು ನೋಡ್ಲಿಲ್ವಾ? ಎದುರ್ಗೇ ಇದ್ರಲ್ಲ,” ಎಂದರು.

ಎದುರಿಗೇ ಇದ್ದೆ ಎಂದು ಒಪ್ಪಿಕೊಂಡೆ. ಸರಿಯಾಗಿ ಆರಡಿ ದೂರದಲ್ಲಿ. ಆ ಲೆಕ್ಕದಲ್ಲಿ ನನ್ನದೇನೂ ತಪ್ಪಿರಲಿಲ್ಲ.