ಹಾಡು ನಿಲ್ಲಿಸಿದ ಅಣ್ಣ

ಮಾತು ಮೈಗೆ ತಾಗುವುದಿಲ್ಲ ಎನ್ನುವವರೆಲ್ಲ ಬೇರೆಯವರಿಗೆ ತಾಗಿದ ಮಾತಿನ ಬಗ್ಗೆಯೇ ಹಾಗೆನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ಹುಬ್ಬಳ್ಳಿಯ ಪಕ್ಕದ ಬೆಂಗೇರಿಯ ನಮ್ಮ ಕಾಳಿನ ಅಂಗಡಿಗೆ ಬಂದವರು 'ಅಂವ ನನಗ ಹಿಂಗಂದ' ಎಂದು ಮುಖ ಊದಿಸಿಕೊಂಡರೆ, 'ಅಂದ್ರ ಅನ್ಲಿ ಬಿಡ್ರಿ, ಮೈಗೇನು ಅಂಟ್ಕೋತೈತೇನು' ಎಂದು ಬೆಲ್ಲದ ಚೂರು ಕೊಟ್ಟು ಕಳಿಸುತ್ತಿದ್ದೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಬುದ್ಧಿವಾದ ಹೇಳಲು ಅಷ್ಟು ಸಾಕಾಗುತ್ತದೆ. ಆದರೆ ಇದೇ ನಾನು ಒಂದು ಹಾಡಿಗೆ ಮುನಿದು ತಂಗಿಗೆ ಮಾಡಿದ ಅನ್ಯಾಯವನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಆಗ ಹುಬ್ಬಳ್ಳಿಯಲ್ಲಿ ಭಾಷಣ ಮಾಡಿದವರನ್ನು ಬ್ರಿಟಿಷ್ ಸರಕಾರ ಹಿಡಿದು ಜೇಲಿಗೆ ಹಾಕುತ್ತಿತ್ತು. ನಾನೂ ಎರಡು ಸಭೆಗಳಿಗೆ ಹೋಗಿದ್ದೆ. ಓಡಲು ಅನುಕೂಲವಾಗಲೆಂದು ಎಲ್ಲರಿಗಿಂತ ಹಿಂದೆ, ರಸ್ತೆಯ ಅಂಚಿಗೆ ನಿಂತಿದ್ದೆ. ಮನುಷ್ಯನ ಬಾಯಿ ಕಟ್ಟುವ ಹಕ್ಕು ಯಾರಿಗೂ ಇಲ್ಲ ಎಂದು ಭಾಷಣಕಾರರು ಹೇಳಿದಾಗ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ತಂಗಿ ನೀಲವ್ವನಿಗೂ ಅದನ್ನೇ ಹೇಳಿದೆ.

'ಹಂಗಾರ ನಾ ಒಂದ್ ಮಾತು ಅನ್ಲೇನಣ್ಣಾ?' ಎಂದಳು.

'ಅನ್ನು.'

'ನೀ ಬಾಳ ಮಾತಾಡ್ತಿ ನೋಡು.'

ಸುಮ್ಮನಿರು ಎಂದು ಗದರಿದೆ.

ಅಪ್ಪ ತೀರಿಕೊಂಡ ಮೇಲೆ ಮನೆಗೆ ನಾನೇ ಹಿರಿಯ. ಆ ಮಾಘದಲ್ಲಿ ನೀಲವ್ವನನ್ನು ಉಪ್ಪಿನಬೆಟಗೇರಿಯ ಒಂದು ಒಕ್ಕಲುತನದ ಮನೆಗೆ ಕೊಟ್ಟೆವು. ಮದುವೆ ಅವರಲ್ಲಿಯೇ ಆಯಿತು. ನಮ್ಮ ಕಡೆ ಮದುವೆಯ ಪಂಕ್ತಿಯಲ್ಲಿ ಹೆಂಗಸರು ಬೀಗರನ್ನು ಆಡಿಕೊಂಡು ಹಾಡುವುದುಂಟು. ಮೂಗು ಉದ್ದವಿದ್ದವನಿಗೆ ಮೂಗಿನ ಮೇಲೆ, ಹೊಟ್ಟೆ ದೊಡ್ಡದಿದ್ದವನಿಗೆ ಹೊಟ್ಟೆಯ ಮೇಲೆ. ಯಾರನ್ನೂ ಬಿಡುವುದಿಲ್ಲ. ಬಿಟ್ಟರೆ ಅವನನ್ನು ಬೀಗನೆಂದು ಲೆಕ್ಕಕ್ಕೇ ಹಿಡಿಯಲಿಲ್ಲ ಎಂದರ್ಥ. ನಮ್ಮ ಸೋದರಮಾವನ ಬೋಳುತಲೆಯ ಮೇಲೆ ಮೂರು ನುಡಿ ಹಾಡಿದರು. ಅವನು ನಗುತ್ತ ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ನಾನೂ ಹೊಟ್ಟೆ ತುಂಬ ನಕ್ಕೆ. ಆಗ ವರನ ಸೋದರತ್ತೆ ಚೆನ್ನವ್ವ ನನ್ನ ಕಡೆ ನೋಡಿ ದನಿ ಎತ್ತಿದಳು:

ಬೀಗರ ಹಿರಿಯಣ್ಣ ಬಾಳ ಶಾಣ್ಯಾ ನೋಡ್ರೆವ್ವ
ಪೇಪರ ಹಿಡಕೊಂಡು ಎಮ್ಮಿಯಂಗ ಮೆಲಕ ಹಾಕ್ಯಾನ

ಓದುವಾಗ ನನ್ನ ತುಟಿಗಳು ಆಡುತ್ತವೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವನಿಗೆ ಬೇರೆ ದಾರಿಯಿಲ್ಲ. ಅಂದು ಮುಂಜಾನೆ ಹಂದರದಲ್ಲಿ, ನಾಲ್ಕು ಜನ ನೋಡಲೆಂದೇ ಪತ್ರಿಕೆ ಹಿಡಿದು ಕೂತಿದ್ದೆ. ಚೆನ್ನವ್ವ ನೋಡಿದ್ದಳು. ಸುಳ್ಳು ಹಾಡಿದ್ದರೆ ನಗುತ್ತಿದ್ದೆನೇನೋ. ಎಲೆ ಬಿಟ್ಟು ಎದ್ದೆ. ಹೆಣ್ಣಿನ ಕಡೆಯವರು ಮುನಿಯುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಮುನಿಸು ಏನಿದ್ದರೂ ಗಂಡಿನವರ ಸೊತ್ತು. ಪಾಪ, ಏನು ಮಾಡಬೇಕೆಂದು ತಿಳಿಯದೆ ನೀಲವ್ವನ ಮಾವ ಓಡಿಬಂದು ಕೈ ಹಿಡಿದುಕೊಂಡರು.

'ಹೆಂಗಸರ ಹಾಡಿಗೆ ಯಾಕ ಸಿಟ್ಟ ಮಾಡ್ತೀರಿ ಈರಪ್ಪಾರ, ಕೂಡ್ರಿ.'

'ಇನ್ನ ಮ್ಯಾಲ ಈ ಮನ್ಯಾಗ ಯಾರೂ ನನ್ನ ಮಾತು ಎತ್ತಬಾರ್ದು. ಹಂಗಿದ್ರ ಕೂಡ್ತೇನಿ.'

ಅವರು ಗುರುವಿನಾಣೆ ಮಾಡಿದರು. ನಾನು ಕೂತು ಹೋಳಿಗೆ ಉಂಡೆ. ಹಾಡು ಅಲ್ಲಿಗೆ ನಿಂತಿತು. ನಮ್ಮ ಊರಿನ ಪೊಲೀಸ್ ಫೌಜದಾರನಿಗೂ ಅಷ್ಟು ಬೇಗ ಒಂದು ಸಭೆಯನ್ನು ಮುಗಿಸಲು ಆಗಿರಲಿಲ್ಲ. ಗೆದ್ದೆನೆಂದುಕೊಂಡು ಊರಿಗೆ ಬಂದೆ.

ಶ್ರಾವಣದಲ್ಲಿ ಪಂಚಮಿಗೆ ನೀಲವ್ವನನ್ನು ಕರೆತರಲು ಚಕ್ಕಡಿ ಕಟ್ಟಿಕೊಂಡು ಹೋದೆ. ಕಾಲಿಗೆ ಬಿಸಿನೀರು ಕೊಟ್ಟರು, ಜಮಖಾನ ಹಾಸಿದರು. 'ಹುಬ್ಬಳ್ಳ್ಯಾಗ ಮಳಿ ಹೆಂಗೈತ್ರಿ' ಎಂದು ಮೂರು ಜನ ಬೇರೆ ಬೇರೆಯಾಗಿ ಬಂದು ಕೇಳಿದರು. ಮೂವರಿಗೂ 'ಛಲೋ ಐತ್ರಿ' ಎಂದೆ. ಅದಕ್ಕಿಂತ ಹೆಚ್ಚಿನ ಮಾತಿಲ್ಲ. ಅಡಿಗೆಮನೆಯಲ್ಲಿ ಹೆಂಗಸರು ಗೊಳ್ಳೆಂದು ನಗುವುದು ಕೇಳುತ್ತಿತ್ತು. ನೀಲವ್ವ ಕೊಡ ಹೊತ್ತು ಒಳಗೆ ಕಾಲಿಟ್ಟಳು. ನಗು ನಿಂತಿತು.

ಹಿತ್ತಲಲ್ಲಿ ಅವಳನ್ನು ಏನಾಗಿದೆ ಎಂದು ಕೇಳಿದೆ. 'ಇಲ್ಲೆ ಯಾರೂ ನನ್ನ ಬೈಯೂದಿಲ್ಲಣ್ಣಾ' ಎಂದಳು.

'ಛಲೋ ಆತಲ್ಲ.'

'ಏನ್ ಛಲೋ ಆತು? ನಮ್ಮ ನೆಗೆಣ್ಣಿ, ಹಿರೀ ಸೊಸಿ, ರೊಟ್ಟಿ ಹೊತ್ತಿಸಿದ್ರ, ನಿಮ್ಮಪ್ಪನ ಮನ್ಯಾಗ ಇದ್ದಲಿ ತಿಂತಿದ್ರೇನು ಅಂತಾರ ಅತ್ತಿ. ಎಲ್ಲಾರೂ ನಗ್ತಾರ, ಆಕೀನೂ ನಗ್ತಾಳ. ನಾ ಹೊತ್ತಿಸಿದ್ರ ಸುಮ್ನ ಎತ್ತಿಟ್ಟು ತಾವ ಬ್ಯಾರೆ ರೊಟ್ಟಿ ಬಡೀತಾರ. ಎಲ್ಲಿ ಅಣ್ಣಗ ಮುಟ್ಟಸ್ತಾಳೋ ಅಂತ ಅಂಜಿಕಿ. ಆರು ತಿಂಗಳಾತು, ನಾ ಈ ಮನ್ಯಾಗ ಇನ್ನೂ ಬೀಗತೀನ ಅದೇನಿ.'

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ನಾನು ದೊಡ್ಡವನಾಗಬಹುದಿತ್ತು. ಅವಳು ರೊಟ್ಟಿ ಬಡಿಯಲು ಒಳಗೆ ಹೋದ ಮೇಲೆ, ಬೇರೆ ಉಪಾಯ ಕಾಣದೆ ನಾನೂ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಆ ಮನೆಯಲ್ಲೇ ಇರುವ ಚೆನ್ನವ್ವ ಒಳಗೆ ಕಾಳು ಹಸನು ಮಾಡುತ್ತಿದ್ದಳು.

'ಚೆನ್ನವ್ವಾರ, ಮದುವ್ಯಾಗ ನನ್ನ ಮ್ಯಾಲ ಹಾಡಿದ್ರಲ್ಲ, ಅದನ್ನ ಇನ್ನೊಮ್ಮೆ ಹಾಡ್ರಿ.'

ಅವಳು ಗಾಬರಿಯಾದಳು. 'ಖರೇನ ನೆನಪಿಲ್ರಿ ಈರಪ್ಪಾರ. ಅವತ್ತ ನಲವತ್ತ ಮಂದಿ ಮ್ಯಾಲ ಹಾಡೇನಿ. ಯಾರಿಗೆ ಏನಂದೆ ಅಂತ ಯಾರ ನೆನಪಿಡ್ತಾರ?'

ನೆನಪಿಟ್ಟವನು ನಾನೊಬ್ಬನೇ. ಅಂಗಡಿಯಲ್ಲಿ, ಊಟಕ್ಕೆ ಕೂತಾಗ, ಲಿಂಗಪೂಜೆಗೆ ಕೂತಾಗಲೂ ಆ ಎರಡು ಸಾಲುಗಳನ್ನು ಅಂದುಕೊಂಡು ಅಂದುಕೊಂಡು ಆರು ತಿಂಗಳು ಕಳೆದಿದ್ದೆ. ಆದ್ದರಿಂದ ನನ್ನ ಮೇಲಿನ ಹಾಡನ್ನು ನಾನೇ ಹಾಡಬೇಕಾಯಿತು. ನನಗೆ ರಾಗ ಬರುವುದಿಲ್ಲ. ಮುಗಿಸಿದಾಗ ಎಲ್ಲರೂ ನೆಲ ನೋಡುತ್ತಿದ್ದರು, ಇದೇನೋ ಹೊಸ ಜಗಳದ ಪೀಠಿಕೆ ಎಂಬಂತೆ. ಮೊದಲು ನಕ್ಕವಳು ನೀಲವ್ವ. ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡು, ಒಲೆಯ ಮುಂದೆ ಬಗ್ಗಿ ನಕ್ಕಳು.

'ಎಮ್ಮೀನ ವಾಸಿ, ಅದಕ್ಕ ಇದಕ್ಕಿಂತ ಛಲೋ ರಾಗ ಐತಿ' ಎಂದಳು ಚೆನ್ನವ್ವ. 'ಅದು ಹಳೇದಾತು ಬಿಡು ತಮ್ಮಾ. ಈಗ ಹೊಸಾದು ಬರಾಕತ್ತೈತಿ, ಹಾಡ್ಲೇನು?'

'ಹಾಡ್ರಿ' ಎಂದೆ.

ಹಾಡಿದಳು. ಅಡಿಗೆಮನೆಯೆಲ್ಲ ನಕ್ಕಿತು. ಅದರ ನಡುವೆಯೇ ನೀಲವ್ವನ ಅತ್ತೆ, 'ಏ ನೀಲಿ, ಹಲ್ಲ ಕಿಸಿಯೂದ ಬಿಟ್ಟು ರೊಟ್ಟಿ ತಿರುವಿ ಹಾಕು. ನಿಮ್ಮಣ್ಣಗ ಇದ್ದಲಿ ತಿನಸ್ತೀಯೇನು?' ಎಂದರು.

'ತಿನಸ್ತೇನ್ರೀ' ಎಂದಳು ನೀಲವ್ವ. ತಿನ್ನಿಸಿದಳು ಕೂಡ.

ಚೆನ್ನವ್ವನ ಹೊಸ ನುಡಿಯನ್ನು ಇಲ್ಲಿ ಬರೆಯುವುದು ನ್ಯಾಯ. ಬರೆಯುವುದಿಲ್ಲ. ಅದೂ ನಿಜವೇ ಆಗಿದೆ. ನೀಲವ್ವ ಅದನ್ನು ಹಾಡುತ್ತ ಧಾರವಾಡದವರೆಗೂ ಬಂದಳು. ಮೊದಲ ಸಲ ನಾನು ನಕ್ಕೆ. ಎರಡನೆಯ ಸಲವೂ ನಕ್ಕೆ. ಮೂರನೆಯ ಸಲ ಎತ್ತುಗಳನ್ನು ಬೈದೆ.