ಬಣ್ಣ ತೆಗೆಯುವ ಭಾವ

ಬಣ್ಣ ಹಚ್ಚಿ ಹೆಸರು ಮಾಡಿದವರು ಊರಿಗೆ ಹತ್ತು ಜನ ಸಿಗುತ್ತಾರೆ. ಹಚ್ಚಿದ ಬಣ್ಣ ತೆಗೆದು ಹೆಸರು ಮಾಡಿದವರು ಇಡೀ ಮಾಲೂರಿಗೆ ನಮ್ಮ ಭಾವ ಒಬ್ಬರೇ! ಅಕ್ಕನ ಗಂಡ ಎಂಬ ಪಕ್ಷಪಾತದಿಂದ ಹೇಳುತ್ತಿಲ್ಲ. ಬೇಕಾದರೆ ಅಕ್ಕನನ್ನೇ ಕೇಳಿ. ಅವಳ ಟೀ ಸೋಸುವ ಜಾಲರಿ, ಉಪ್ಪಿನಕಾಯಿ ಡಬ್ಬ, ಇನ್ನೂ ಹಳೆಯದಾಗದ ಹಲ್ಲುಜ್ಜುವ ಬ್ರಷ್ಷು ಎಲ್ಲವೂ ಈ ಸೇವೆಗೆ ಸಂದಿವೆ.

ಸಂಗತಿ ಇಷ್ಟು. ಹೊಸದಾಗಿ ಮದುವೆಯಾದಾಗ ಇವರಿಬ್ಬರ ಬಳಿ ಒಂದು ತಿಳಿನೀಲಿ ಸ್ಕೂಟರ್ ಇತ್ತು. ಮುಳಬಾಗಿಲಿನ ನಮ್ಮ ಮನೆಗೆ ಅಕ್ಕ ಬರುತ್ತಿದ್ದದ್ದು ಅದರ ಹಿಂದೆ ಕೂತೇ. ಮನೆ ಕಟ್ಟುವಾಗ ಅದನ್ನು ಮಾರಿದರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಳಬೇಡ ಕಣೇ, ಒಂದಿನ ವಾಪಸ್ ತಂದ್ಕೊಡ್ತೀನಿ" ಎಂದರು ಭಾವ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ತಂದೇ ಕೊಟ್ಟರು ನೋಡಿ! ಅಂಗೈ ಅಗಲದ್ದು, ಪ್ಲಾಸ್ಟಿಕ್ಕಿನದು, ಅದೂ ಬಿಡಿಬಿಡಿಯಾಗಿ ಡಬ್ಬಿಯೊಳಗೆ. ಚೌಕಟ್ಟಿನ ಕಡ್ಡಿಗಳಿಂದ ಒಂದೊಂದೇ ಭಾಗ ಕತ್ತರಿಸಿ, ಬಣ್ಣ ಹಚ್ಚಿ, ಆಮೇಲೆ ಅಂಟಿಸಿ ಜೋಡಿಸಬೇಕಂತೆ.

ಭಾವ ನೀಲಿ ಬೆರೆಸಿ, ಹಚ್ಚಿ, ಮಿಕ್ಕಿದ್ದನ್ನು ಖಾಲಿ ಕೆಮ್ಮಿನ ಔಷಧಿ ಶೀಷೆಗೆ ತುಂಬಿಟ್ಟರು. ಒಣಗಿದ ಭಾಗಗಳನ್ನು ಅಕ್ಕನ ಮುಂದೆ ಹರಡಿದರು. ಅಕ್ಕ ನೋಡಿ, "ನಮ್ ಗಾಡಿ ಈ ಬಣ್ಣ ಅಲ್ಲ ರೀ. ಇದು ಹಸಿರಾಯ್ತು" ಎಂದಳು.

ಅಲ್ಲಿಗೆ ಬಣ್ಣ ತೆಗೆಯುವ ಪರ್ವ ಶುರುವಾಯಿತು!

ಪಕ್ಕದ ಬೀದಿಯಲ್ಲಿ ಆಟೋಗಳಿಗೆ ಬಣ್ಣ ಹೊಡೆಯುವ ಗೆಳೆಯರೊಬ್ಬರಿದ್ದಾರೆ. "ಥಿನ್ನರ್ ಹಾಕಿ ಭಾಯ್, ಎರಡೇ ನಿಮಿಷ" ಎಂದು ಡಬ್ಬ ಹಿಡಿದೇ ಬಂದರು. ಭಾವ ಕೈ ಅಡ್ಡ ಹಿಡಿದು, ಬಿಸಾಡಲಿದ್ದ ಕಡ್ಡಿಯೊಂದರ ಮೇಲೆ ಒಂದು ತೊಟ್ಟು ಬಿಟ್ಟರು. ಕಡ್ಡಿ ಪಾಕಕ್ಕಿಟ್ಟ ಬೆಲ್ಲದಂತೆ ಕರಗಿ ಅಂಟಂಟಾಯಿತು.

"ನೋಡಿದ್ರಾ? ಬಣ್ಣದ ಜೊತೆ ಗಾಡೀನೂ ಹೋಗ್ತಿತ್ತು!"

"ಅರೆ, ಆಟೋ ಯಾವತ್ತೂ ಹಿಂಗೆ ಮಾಡಿಲ್ಲ ಭಾಯ್!" ಎಂದರು ಗೆಳೆಯರು, ತಪ್ಪೆಲ್ಲ ಸ್ಕೂಟರಿನದೇ ಎಂಬಂತೆ.

ಅಂದಿನಿಂದ ಕಡ್ಡಿಯ ಮೇಲೆ ಪರೀಕ್ಷೆ ಮಾಡದ ಯಾವ ದ್ರವವನ್ನೂ ಭಾವ ಸ್ಕೂಟರಿಗೆ ಮುಟ್ಟಿಸಿಲ್ಲ. ಪರೀಕ್ಷೆಯಲ್ಲಿ ಪಾಸಾದದ್ದು ಮೆಡಿಕಲ್ ಸ್ಟೋರಿನ ಐಸೊಪ್ರೊಪೈಲ್ ಆಲ್ಕೋಹಾಲ್. ಅದು ಬಣ್ಣವನ್ನು ಸಡಿಲಿಸುತ್ತದೆ, ಪ್ಲಾಸ್ಟಿಕ್ಕಿನ ತಂಟೆಗೆ ಹೋಗುವುದಿಲ್ಲ. ಆದರೆ ಬೆಂಕಿ ಕಂಡರೆ ಹೊತ್ತಿಕೊಳ್ಳುತ್ತದೆ. ಹೀಗಾಗಿ ಭಾಗಗಳನ್ನು ನೆನೆಹಾಕಿದ ಉಪ್ಪಿನಕಾಯಿ ಡಬ್ಬ ಹಿತ್ತಲಲ್ಲಿ, ಗಾಳಿಯಾಡುವ ಕಡೆ, ಮುಚ್ಚಳ ಬಿಗಿದು. ಭಾವನ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್. ಇಷ್ಟಾದರೂ ಸಮಾಧಾನವುಂಟೇ? ಅಡುಗೆಮನೆಯತ್ತ ತಿರುಗಿ ಕೂಗುತ್ತಾರೆ: "ಒಲೆ ಹಚ್ಚಬೇಡ ಕಣೇ! ಸ್ಕೂಟರ್ ನೆನೀತಾ ಇದೆ!"

"ಹಂಗಾದ್ರೆ ಒಗ್ಗರಣೆ ಇಲ್ದಿರೋ ಸಾರೇ ತಿನ್ನಿ!"

ತಿಂದರು! ಆಗಾಗ ಬಂದು ಉಳಿಯುವ ನನ್ನ ತಟ್ಟೆಗೂ ಅದೇ ಬಿತ್ತು.

ಒಮ್ಮೆ ಶ್ರೀನಿವಾಸಪುರದಿಂದ ನಮ್ಮ ದೊಡ್ಡಮ್ಮ ಬಂದಳು. ಹಿತ್ತಲಿಗೆ ಕಾಲಿಟ್ಟವಳೇ ಮೂಗರಳಿಸಿ, "ಏಮಿ ಇದಿ? ಏನಿದು ವಾಸನೆ? ಅಳಿಯಂದ್ರು ಹಗಲೊತ್ತೇ ಶುರು ಹಚ್ಕೊಂಡವ್ರಾ?" ಎಂದಳು.

"ಕುಡೀತಾ ಇರೋದು ನಾನಲ್ಲ ಅತ್ತೆ, ಗಾಡಿ!"

ಇನ್ನು ನೆನೆದ ಭಾಗಗಳನ್ನು ಬ್ರಷ್ಷಿನಿಂದ ತಿಕ್ಕುವುದನ್ನು ನೀವು ನೋಡಬೇಕು! ಹಸುಗೂಸಿಗೆ ಎರೆಯುವವರೂ ಅಷ್ಟು ಹಗುರವಾಗಿ ಮುಟ್ಟಲಾರರು. ಆಮೇಲೆ ಸೋಪಿನ ನೀರಿನ ಸ್ನಾನ. ಪುಟಾಣಿ ಕನ್ನಡಿ ಮೋರಿ ಪಾಲಾಗದಂತೆ ಕೆಳಗೆ ಟೀ ಜಾಲರಿ. ಅದು ಮತ್ತೆ ಟೀಗೆ ಬರಕೂಡದೆಂದು ಹಿಡಿಗೆ ಕೆಂಪು ದಾರ ಬೇರೆ ಕಟ್ಟಿದ್ದಾರೆ.

ಹೀಗೆ ತೆಗೆದರು, ಹಚ್ಚಿದರು, ಮತ್ತೆ ತೆಗೆದರು. ಪ್ರತಿ ಸಲವೂ ನೀಲಿ ಇನ್ನಷ್ಟು ಹೆಚ್ಚು. ಅಕ್ಕ ಮಾತ್ರ, "ಇನ್ನೂ ಹಸಿರೇ ರೀ." ನನ್ನ ತಾಳ್ಮೆ ತಪ್ಪಿತು.

"ಭಾವ, ಇದು ನೀಲಿನೇ! ನೀವ್ಯಾಕೆ ತಲೆ ಕೆಡಿಸ್ಕೋತೀರಿ?"

"ನಿಂಗೆ ನೀಲಿ ಕಣೋ. ಗಾಡಿ ಹಿಂದೆ ಕೂತಿದ್ದು ನೀನಾ, ಅವಳಾ?"



ಒಂದು ದಿನ ಅಕ್ಕ ನೀಲಿ ರವಿಕೆಗೆ ಹಸಿರು ದಾರದಲ್ಲಿ ಹೊಲಿಗೆ ಹಾಕುತ್ತಿದ್ದಳು. ಭಾವ ಅದನ್ನೇ ನೋಡುತ್ತಾ ಕೂತರು. ಆಮೇಲೆ, "ನಾಳೆ ಕೋಲಾರಕ್ಕೆ ಹೋಗಿ ನನ್ ಕಣ್ಣು ತೋರಿಸ್ಬೇಕು, ಜೊತೆಗೆ ಬಾರೇ" ಎಂದರು. ನಾನೂ ಹೊರಟೆ. ಅಲ್ಲಿ, "ಹೆಂಗೂ ಬಂದಿದ್ದೀಯ, ನೀನೂ ತೋರಿಸ್ಬಿಡು" ಎಂದು ಅಕ್ಕನನ್ನೇ ಮೊದಲು ಕೂರಿಸಿದರು. ಭಾವನ ಕಣ್ಣು ಸರಿಯಾಗಿತ್ತು. ಅಕ್ಕನ ಎರಡು ಕಣ್ಣಿಗೂ ಪೊರೆ! ಅಕ್ಕ ಹೊರಗೆ ಹೋದ ಮೇಲೆ ಡಾಕ್ಟರು, ಪೊರೆ ಬಂದವರಿಗೆ ನೀಲಿ ಮಂಕಾಗಿ ಹಸಿರಿನಂತೆ ಕಾಣಬಹುದು ಎಂದು ವಿವರಿಸಿದರು. ಭಾವ ಆಪರೇಷನ್ನಿನ ದಿನ ಕೇಳಿ ಬರೆದುಕೊಂಡರು. ಈ ಮನುಷ್ಯ ಒಂದು ಸಲವಾದರೂ ಹೆಂಡತಿಗೆ "ನಿನ್ನ ಕಣ್ಣು ಸರಿಯಿಲ್ಲ" ಎಂದಿರಲಿಲ್ಲ ನೋಡಿ!

ಒಂದಾದ ಮೇಲೊಂದು ಆಪರೇಷನ್ ಆಯಿತು. ಅಷ್ಟರಲ್ಲಿ ಭಾವ ಕಡೆಯ ಸಲ ಬಣ್ಣ ತೆಗೆದು, ಕೆಮ್ಮಿನ ಔಷಧಿ ಶೀಷೆಯಲ್ಲಿ ಉಳಿದಿದ್ದ ಮೊದಲ ಬಣ್ಣವನ್ನೇ ಹಚ್ಚಿ ಗಾಡಿ ಜೋಡಿಸಿಬಿಟ್ಟಿದ್ದರು. ಕಣ್ಣು ತಿಳಿಯಾದ ಮೇಲೆ ಅಕ್ಕ ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಇದೇ ರೀ! ಇದೇ ನಮ್ ಗಾಡಿ! ಮೊದ್ಲಿಂದ ನಾನು ಬಡ್ಕೋತಾ ಇರ್ಲಿಲ್ವಾ? ಕೊನೆಗೂ ಸರಿಯಾಗಿ ಬೆರೆಸಿದ್ರಿ ನೋಡಿ!"

ನಾನು ಬಾಯಿ ತೆರೆದೆ. ಭಾವ ನನ್ನ ತೊಡೆ ಚಿವುಟಿ, ಶೀಷೆಯನ್ನು ಮೆಲ್ಲಗೆ ಜೇಬಿಗಿಳಿಸಿದರು.

"ಹೂಂ ಕಣೇ," ಎಂದರು, "ಇಷ್ಟು ದಿನ ನಂಗೇ ಗೊತ್ತಾಗ್ತಿರ್ಲಿಲ್ಲ."